ಶಾರ್ಟ್ ಅಂದರೆ ಬರೀ ಗಿಡ್ಡ ಅಲ್ಲ

‘ಶಾರ್ಟ್’ ಅನ್ನೋ ಇಂಗ್ಲಿಷ್ ಪದ ಯಾರಿಗೆ ಗೊತ್ತಿಲ್ಲ? ವಿರುದ್ಧ ಪದಗಳ ಮೊದಲ ಪಟ್ಟಿಯಲ್ಲೇ ಅದು ಬರುತ್ತದೆ. ಆದರೆ ಈ ಮೂರು ವಾಕ್ಯ ನೋಡಿ. ‘ಹಿ ಈಸ್ ಶಾರ್ಟ್.’ ‘ಹಿ ಈಸ್ ಶಾರ್ಟ್ ಆಫ್ ಮನಿ.’ ‘ಹಿ ವಾಸ್ ಶಾರ್ಟ್ ವಿತ್ ಮಿ.’ ಮೊದಲನೆಯದರಲ್ಲಿ ಅವನು ಕುಳ್ಳ. ಎರಡನೆಯದರಲ್ಲಿ ಅವನ ಹತ್ತಿರ ದುಡ್ಡು ಸಾಲದು. ಮೂರನೆಯದರಲ್ಲಿ ಅವನು ನನ್ನ ಜೊತೆ ಸಿಡುಕಿ ಮಾತಾಡಿದ. ಪದ ಒಂದೇ, ಅರ್ಥ ಮೂರು ದಿಕ್ಕಿಗೆ ಹೋಗಿದೆ.

ನಿಘಂಟು ತೆರೆದರೆ ಇನ್ನೂ ಗಾಬರಿಯಾಗುತ್ತದೆ. ನಾಮಪದ, ವಿಶೇಷಣ, ಕ್ರಿಯಾಪದ, ಕ್ರಿಯಾವಿಶೇಷಣ ಅಂತ ಪುಟ ತುಂಬಾ ಅರ್ಥಗಳು. ಎಲ್ಲವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಬಹುಪಾಲು ಬಳಕೆಗಳು ಎರಡೇ ಯೋಚನೆಗಳಿಂದ ಹುಟ್ಟಿವೆ. ಒಂದು, ಉದ್ದ ಕಡಿಮೆ ಇರುವುದು. ಇನ್ನೊಂದು, ಮುಟ್ಟಬೇಕಾದ ಗುರುತನ್ನು ಮುಟ್ಟದೇ ಇರುವುದು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಪಾಠದಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ತೊಡಕಾಗುವುದೆಲ್ಲ ಅಲ್ಲೇ.

ಅಳತೆಯ ಶಾರ್ಟ್

ಮೊದಲು ಸುಲಭದ್ದು. ಹಗ್ಗ, ದಾರಿ, ಸಮಯ ಇವುಗಳ ವಿಷಯದಲ್ಲಿ ಶಾರ್ಟ್‌ಗೆ ಎದುರು ‘ಲಾಂಗ್’. ಮನುಷ್ಯರ ಎತ್ತರಕ್ಕೆ ಬಂದರೆ ಎದುರು ‘ಟಾಲ್’. ಕನ್ನಡದಲ್ಲಿ ಇದೇ ಕೆಲಸಕ್ಕೆ ನಮಗೆ ಎಷ್ಟು ಪದ ಬೇಕು ನೋಡಿ. ಮನುಷ್ಯ ಕುಳ್ಳ. ಕೂದಲು ಗಿಡ್ಡ. ಜಡೆ ಮೋಟು. ಲಂಗ ತುಂಡು. ಕಥೆ ಸಣ್ಣದು. ಸ್ವರ ಹ್ರಸ್ವ. ದಾರಿ ಹತ್ತಿರದ್ದು. ಕೋಪವಾದರೆ ಮೂಗಿನ ತುದಿಯಲ್ಲೇ ಇರುತ್ತದೆ. ಇಷ್ಟಕ್ಕೂ ಇಂಗ್ಲಿಷಿನವರು ಶಾರ್ಟ್ ಒಂದರಲ್ಲೇ ಸುಧಾರಿಸುತ್ತಾರೆ.

ಹಾಗಂತ ಎತ್ತರ ಕಡಿಮೆ ಇರುವ ಎಲ್ಲದಕ್ಕೂ ಅದು ಹೊಂದುವುದಿಲ್ಲ. ಗೋಡೆ, ಬೆಟ್ಟ, ಮೇಜು, ಚಾವಣಿ ಇವೆಲ್ಲ ‘ಲೋ’. ‘ಶಾರ್ಟ್ ವಾಲ್’ ಅಂದರೆ ಕೇಳುವವರು ಉದ್ದ ಕಡಿಮೆ ಇರುವ ಗೋಡೆ ಅಂದುಕೊಳ್ಳಬಹುದು. ‘ಸ್ಮಾಲ್’ ಮತ್ತೂ ಬೇರೆ. ಅದು ಒಟ್ಟು ಗಾತ್ರದ ಮಾತು. ‘ಶಾರ್ಟ್ ಮ್ಯಾನ್’ ದಪ್ಪಗೂ ಇರಬಹುದು. ‘ಸ್ಮಾಲ್ ಮ್ಯಾನ್’ ಅಂದರೆ ಮೈಕಟ್ಟೇ ಚಿಕ್ಕದು.

ಸಮಯದ ವಿಷಯದಲ್ಲಿ ಶಾರ್ಟ್ ಜೊತೆ ಪೈಪೋಟಿಗೆ ನಿಲ್ಲುವುದು ‘ಬ್ರೀಫ್’. ಇದು ಲ್ಯಾಟಿನ್ನಿನ ‘ಬ್ರೆವಿಸ್’ ಕಡೆಯಿಂದ ಬಂದ ಪದ, ಸ್ವಲ್ಪ ಔಪಚಾರಿಕ. ‘ಬ್ರೀಫ್ ವಿಸಿಟ್’, ‘ಬ್ರೀಫ್ ಸ್ಪೀಚ್’ ಸರಿ. ‘ಬ್ರೀಫ್ ರೋಪ್’ ಅಂತ ಯಾರೂ ಅನ್ನುವುದಿಲ್ಲ, ಏಕೆಂದರೆ ಹಗ್ಗ ಸಮಯವೂ ಅಲ್ಲ, ಮಾತೂ ಅಲ್ಲ. ಇನ್ನೊಂದು ಸೂಕ್ಷ್ಮ ಇದೆ. ವರದಿ ‘ಬ್ರೀಫ್’ ಆಗಿದೆ ಅಂದರೆ ಬೇಕಾದ್ದನ್ನು ಕಡಿಮೆ ಮಾತಲ್ಲಿ ಹೇಳಿದೆ ಅನ್ನೋ ಧ್ವನಿ ಇರುತ್ತದೆ. ‘ಶಾರ್ಟ್’ ಆಗಿದೆ ಅಂದರೆ ಪುಟ ಕಡಿಮೆ ಅಂತ ಮಾತ್ರ. ಹೊಗಳಿಕೆಯೋ ದೂರೋ ಅನ್ನೋದನ್ನು ಸಂದರ್ಭವೇ ಹೇಳಬೇಕು.

ಶಾರ್ಟ್ ಮಾತ್ರ ಹಳೆಯ ಇಂಗ್ಲಿಷಿನ ಸ್ವಂತ ಪದ. ಅದರ ಹಿಂದಿನ ಬೇರಿಗೆ ‘ಕತ್ತರಿಸು’ ಅನ್ನೋ ಅರ್ಥ ಇತ್ತು. ‘ಶರ್ಟ್’, ‘ಸ್ಕರ್ಟ್’ ಎರಡೂ ಅದೇ ಮನೆತನದವು. ಶರ್ಟ್ ಇಂಗ್ಲಿಷಿನಲ್ಲೇ ಬೆಳೆದ ರೂಪ. ಸ್ಕರ್ಟ್ ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದ ಅದರ ದಾಯಾದಿ. ಈ ಕತ್ತರಿಸಿದ ಅರ್ಥ ನೆನಪಿದ್ದರೆ ಮುಂದಿನದು ಸುಲಭ. ಕತ್ತರಿಸಿದ್ದು ಕೊನೆ ಮುಟ್ಟುವುದಿಲ್ಲ ಅಲ್ವಾ?

ಗುರುತು ಮುಟ್ಟದ ಶಾರ್ಟ್

ಬಾಣ ಬಿಟ್ಟಿರಿ. ಗುರಿಗೆ ಹತ್ತು ಅಡಿ ಇರುವಾಗಲೇ ನೆಲಕ್ಕೆ ಬಿತ್ತು. ‘ದಿ ಆರೋ ಫೆಲ್ ಶಾರ್ಟ್.’ ಇಲ್ಲಿ ಬಾಣ ಗಿಡ್ಡ ಅಂತ ಅಲ್ಲ. ಅದು ಮುಟ್ಟಬೇಕಾದ ಕಡೆ ಮುಟ್ಟಲಿಲ್ಲ ಅಂತ. ಶಾರ್ಟ್ ಇಲ್ಲಿ ಬಾಣವನ್ನು ಅಳೆಯುತ್ತಿಲ್ಲ, ಬಾಣಕ್ಕೂ ಗುರಿಗೂ ನಡುವೆ ಉಳಿದ ಜಾಗವನ್ನು ತೋರಿಸುತ್ತಿದೆ.

ಈಗ ‘ಶಾರ್ಟ್ ಆಫ್ ಮನಿ’ ತನ್ನಷ್ಟಕ್ಕೇ ಬಿಡಿಸಿಕೊಳ್ಳುತ್ತದೆ. ದುಡ್ಡು ಬೇಕಾದಷ್ಟರ ಗುರುತಿಗೆ ಮುಟ್ಟಿಲ್ಲ. ಸಾಹುಕಾರನೂ ‘ಶಾರ್ಟ್ ಆಫ್ ಮನಿ’ ಆಗಬಹುದು, ಅವನಿಗೆ ಬೇಕಾದದ್ದು ಇನ್ನೂ ಜಾಸ್ತಿ ಇದ್ದರೆ. ‘ಪೂರ್’ ಅನ್ನೋ ಪದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ‘ಶಾರ್ಟ್ ಆಫ್ ಬ್ರೆತ್’ ಅಂದರೆ ಏದುಸಿರು. ಮೈಗೆ ಬೇಕಾದಷ್ಟು ಉಸಿರು ಸಿಗುತ್ತಿಲ್ಲ.

ಹಿಂದೆ ಒಂದು ಸಂಖ್ಯೆ ಸೇರಿಸಿದರೆ ಎಷ್ಟು ಬಾಕಿ ಅಂತಲೂ ಹೇಳಬಹುದು. ‘ಟೆನ್ ರನ್ಸ್ ಶಾರ್ಟ್ ಆಫ್ ಎ ಸೆಂಚುರಿ’ ಅಂದರೆ 90 ರನ್. ‘ಫೈವ್ ಮಿನಿಟ್ಸ್ ಶಾರ್ಟ್ ಆಫ್ ಆನ್ ಅವರ್’ ಅಂದರೆ 55 ನಿಮಿಷ. ‘ಟು ಮೈಲ್ಸ್ ಶಾರ್ಟ್ ಆಫ್ ದ ಟೌನ್’ ಅಂದರೆ ಊರು ಇನ್ನೆರಡು ಮೈಲಿ ಇರುವಾಗ. ಕನ್ನಡದಲ್ಲಿ ಸುಮ್ನೆ ‘ಹತ್ತು ರನ್ ಕಮ್ಮಿ’ ಅಂದುಬಿಡುತ್ತೇವೆ. ಯೋಚನೆ ಅದೇ.

ಜೊತೆಗೆ ಬರುವ ಕ್ರಿಯಾಪದ ಬದಲಾದರೆ ಅರ್ಥದ ಬಣ್ಣ ಬದಲಾಗುತ್ತದೆ. ‘ರನ್ ಶಾರ್ಟ್’ ಅಂದರೆ ಇದ್ದದ್ದು ಕರಗುತ್ತಾ ಬರುವುದು. ‘ವಿ ಆರ್ ರನ್ನಿಂಗ್ ಶಾರ್ಟ್ ಆಫ್ ಟೈಮ್’ ಅಂದಾಗ ಸಮಯ ಇನ್ನೂ ಸ್ವಲ್ಪ ಉಳಿದಿದೆ. ಪೂರ್ತಿ ಮುಗಿದಿದ್ದರೆ ‘ರನ್ ಔಟ್’ ಅನ್ನಬೇಕು. ‘ಫಾಲ್ ಶಾರ್ಟ್’ ಅಂದರೆ ನಿರೀಕ್ಷೆಯ ಮಟ್ಟ ತಲುಪದೇ ಹೋಗುವುದು. ‘ಗೋ ಶಾರ್ಟ್’ ಅಂದರೆ ಬೇಕಾದ್ದು ಸಿಗದೇ ಕೊರತೆಯಲ್ಲೇ ದಿನ ತಳ್ಳುವುದು. ‘ಕಟ್ ಶಾರ್ಟ್’ ಅಂದರೆ ಮುಗಿಯಬೇಕಾದ ಕಡೆಗಿಂತ ಮೊದಲೇ ನಿಲ್ಲಿಸುವುದು. ಪ್ರವಾಸವನ್ನೂ ಕಟ್ ಶಾರ್ಟ್ ಮಾಡಬಹುದು, ಮಾತಾಡುತ್ತಿರುವ ಮನುಷ್ಯನನ್ನೂ ಮಾಡಬಹುದು.

ಇವೆಲ್ಲದರಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ಸ್ಟಾಪ್ ಶಾರ್ಟ್ ಆಫ್’. ‘ಶಿ ಸ್ಟಾಪ್ಡ್ ಶಾರ್ಟ್ ಆಫ್ ಕಾಲಿಂಗ್ ಹಿಮ್ ಎ ಲಯರ್.’ ಅವನನ್ನು ಸುಳ್ಳುಗಾರ ಅಂತ ಅಂದೇಬಿಡುವ ತನಕ ಬಂದಳು, ಆದರೆ ಅನ್ನಲಿಲ್ಲ. ರಾಜಕೀಯ ಸುದ್ದಿಯಲ್ಲಿ ಇದು ಪದೇ ಪದೇ ಬರುತ್ತದೆ. ಒಂದು ದೇಶ ಇನ್ನೊಂದನ್ನು ಟೀಕಿಸಿತು, ಆದರೆ ಹೆಸರು ಹಿಡಿದು ಖಂಡಿಸುವಷ್ಟು ಮುಂದೆ ಹೋಗಲಿಲ್ಲ ಅನ್ನೋದನ್ನು ನಾಲ್ಕೇ ಪದದಲ್ಲಿ ಹೇಳಬಹುದು. ಇದನ್ನು ಅರ್ಧ ಓದಿ ‘ಹಾಗೆ ಕರೆದಳು’ ಅಂತ ಅರ್ಥ ಮಾಡಿಕೊಂಡರೆ ಸುದ್ದಿಯೇ ತಲೆಕೆಳಗಾಗುತ್ತದೆ.

ವಾಕ್ಯದ ಆರಂಭದಲ್ಲಿ ಬರುವ ‘ಶಾರ್ಟ್ ಆಫ್’ ಕೂಡ ಹೀಗೇ ಮೋಸ ಮಾಡುತ್ತದೆ. ‘ಶಾರ್ಟ್ ಆಫ್ ಬ್ರೇಕಿಂಗ್ ದ ಡೋರ್, ವಿ ಟ್ರೈಡ್ ಎವ್ರಿಥಿಂಗ್.’ ಬಾಗಿಲು ಮುರಿಯೋದೊಂದು ಬಿಟ್ಟು ಎಲ್ಲ ಮಾಡಿ ನೋಡಿದೆವು. ಬಾಗಿಲು ಮುರಿದಿಲ್ಲ, ನೆನಪಿರಲಿ. ಇನ್ನು ‘ನಥಿಂಗ್ ಶಾರ್ಟ್ ಆಫ್ ಎ ಮಿರಕಲ್’ ಇದರ ತಿರುಗುಮುರುಗು. ಪವಾಡದ ಗುರುತಿಗೆ ಒಂದಿಷ್ಟೂ ಕಡಿಮೆ ಇಲ್ಲ, ಅಂದರೆ ಪವಾಡವೇ. ‘ನಥಿಂಗ್’ ಕಂಡ ತಕ್ಷಣ ಇಲ್ಲ ಅನ್ನೋ ಅರ್ಥಕ್ಕೆ ಹೋಗಬಾರದು.

‘ಆಫ್’ ಬದಲು ‘ಆನ್’ ಬಂದರೆ? ‘ಲಾಂಗ್ ಆನ್ ಪ್ರಾಮಿಸಸ್, ಶಾರ್ಟ್ ಆನ್ ಆಕ್ಷನ್’ ಅನ್ನೋ ಮಾತಿದೆ. ಭರವಸೆ ರಾಶಿ ರಾಶಿ, ಕೆಲಸ ಅಷ್ಟಕ್ಕಷ್ಟೇ. ಗುಣ, ಕಲ್ಪನೆ, ಉತ್ಸಾಹ ಇಂಥವುಗಳ ಕೊರತೆಗೆ ‘ಆನ್’ ಹೆಚ್ಚು ಒಗ್ಗುತ್ತದೆ. ಸದ್ಯಕ್ಕೆ ಬೇಕಾಗಿ ಸಾಲದೇ ಹೋದದ್ದಕ್ಕೆ ‘ಆಫ್’. ಗಡಿ ಅಷ್ಟು ಗಟ್ಟಿಯಾಗೇನೂ ಇಲ್ಲ. ‘ಶಾರ್ಟ್ ಆನ್ ಟೈಮ್’ ಅನ್ನುವವರೂ ಬೇಕಾದಷ್ಟಿದ್ದಾರೆ.

‘ಶಾರ್ಟೇಜ್’, ‘ಶಾರ್ಟ್‌ಫಾಲ್’, ‘ಶಾರ್ಟ್‌ಕಮಿಂಗ್’ ಎಲ್ಲ ಈ ಗುಂಪಿನವೇ. ‘ಶಾರ್ಟ್-ಹ್ಯಾಂಡೆಡ್’ ಅಂದರೆ ಕೈ ಗಿಡ್ಡ ಅಲ್ಲ, ಕೆಲಸಕ್ಕೆ ಆಳು ಸಾಲದು. ‘ಶಾರ್ಟ್-ಚೇಂಜ್’ ಅಂದರೆ ಚಿಲ್ಲರೆ ಕಮ್ಮಿ ಕೊಡುವುದು. ಈಗ ಯಾವುದೇ ವಿಷಯದಲ್ಲಿ ಸಲ್ಲಬೇಕಾದಷ್ಟು ಸಲ್ಲಿಸದೇ ವಂಚಿಸುವುದಕ್ಕೂ ಅದನ್ನೇ ಹೇಳುತ್ತಾರೆ.

‘ಶಾರ್ಟ್‌ಲಿ’ ಅನ್ನೋ ಗುಂಡಿ

ಸಾಮಾನ್ಯವಾಗಿ ಇಂಗ್ಲಿಷ್ ವಿಶೇಷಣಕ್ಕೆ ‘ಲಿ’ ಸೇರಿಸಿದರೆ ಕ್ರಿಯಾವಿಶೇಷಣ ಆಗುತ್ತದೆ, ಅರ್ಥ ಅದೇ ಇರುತ್ತದೆ. ಶಾರ್ಟ್ ವಿಷಯದಲ್ಲಿ ಹಾಗಲ್ಲ. ‘ಶಾರ್ಟ್‌ಲಿ’ ಅಂದರೆ ‘ಸ್ವಲ್ಪ ಹೊತ್ತಿನಲ್ಲೇ’. ‘ಎಕ್ಸ್‌ಪ್ಲೇನ್ ಶಾರ್ಟ್‌ಲಿ’ ಅಂತ ಬರೆದರೆ ‘ಚುಟುಕಾಗಿ ವಿವರಿಸು’ ಅಂತ ಆಗುವುದಿಲ್ಲ. ಅದಕ್ಕೆ ‘ಬ್ರೀಫ್‌ಲಿ’ ಬೇಕು. ‘ದ ಬಸ್ ಸ್ಟಾಪ್ಡ್ ಶಾರ್ಟ್’ ಅಂದರೆ ಬಸ್ಸು ಗಕ್ಕನೆ ನಿಂತಿತು. ‘ದ ಬಸ್ ವಿಲ್ ಸ್ಟಾಪ್ ಶಾರ್ಟ್‌ಲಿ’ ಅಂದರೆ ಇನ್ನೇನು ನಿಲ್ಲುತ್ತದೆ, ಏಳಲು ಸಿದ್ಧರಾಗಿ.

ಅದೇ ‘ಶಾರ್ಟ್‌ಲಿ’ ಉತ್ತರ ಕೊಡುವ ಮಾತಿನ ಜೊತೆ ಬಂದರೆ ಮತ್ತೆ ಬೇರೆ. ‘ಹಿ ಆನ್ಸರ್ಡ್ ಶಾರ್ಟ್‌ಲಿ’ ಅಂದರೆ ಮುಖ ಗಂಟಿಕ್ಕಿ ಉತ್ತರಿಸಿದ. ‘ಶಾರ್ಟ್ ವಿತ್ ಮಿ’ ಅನ್ನೋದರ ಅರ್ಥವೂ ಇದೇ ಕಡೆಯಿಂದ ಬಂದದ್ದು. ಮಾತು ಚಿಕ್ಕದಾದದ್ದು ಸಮಯ ಇಲ್ಲದೇ ಅಲ್ಲ, ಮನಸ್ಸಿಲ್ಲದೇ.

ಹೆಸರು ಮೊಟಕು ಮಾಡುವಾಗ ಮೂರು ರೂಪಗಳು ಒಂದಕ್ಕೊಂದು ಕಲಸಿಹೋಗುತ್ತವೆ. ‘ಬೆನ್ ಈಸ್ ಶಾರ್ಟ್ ಫಾರ್ ಬೆಂಜಮಿನ್’ ಅನ್ನುವಾಗ ಚಿಕ್ಕ ಹೆಸರು ಮೊದಲು. ‘ಬೆಂಜಮಿನ್, ಆರ್ ಬೆನ್ ಫಾರ್ ಶಾರ್ಟ್’ ಅನ್ನುವಾಗ ದೊಡ್ಡದು ಮೊದಲು. ‘ಇನ್ ಶಾರ್ಟ್’ಗೂ ಹೆಸರಿಗೂ ಸಂಬಂಧವೇ ಇಲ್ಲ. ಅದು ‘ಒಟ್ಟಿನಲ್ಲಿ ಹೇಳುವುದಾದರೆ’.

ಮೈದಾನ, ತಂತಿ, ಪೇಟೆ

ಎರಡೂ ಯೋಚನೆಗಳನ್ನು ಒಟ್ಟಿಗೆ ನೋಡಬೇಕಾದರೆ ಕ್ರಿಕೆಟ್ ಚೆನ್ನಾಗಿದೆ. ‘ಶಾರ್ಟ್ ಲೆಗ್’ ಅಂದರೆ ಬ್ಯಾಟರ್‌ಗೆ ಹತ್ತಿರ ನಿಂತ ಫೀಲ್ಡರ್. ದೂರ ಕಡಿಮೆ ಅನ್ನೋ ಸರಳ ಅಳತೆ. ಆದರೆ ‘ಶಾರ್ಟ್ ಬಾಲ್’ ಬೀಳುವುದು ಬ್ಯಾಟರ್‌ನಿಂದ ದೂರದಲ್ಲಿ! ಹೊಸಬರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಚೆಂಡು ಬ್ಯಾಟರ್ ಕಡೆಗೆ ಹೋಗಬೇಕಿತ್ತು, ಅಷ್ಟು ಹೋಗದೇ ಮೊದಲೇ ನೆಲಕ್ಕೆ ಬಿತ್ತು. ಬಾಣದ ಲೆಕ್ಕವೇ. ‘ಶಾರ್ಟ್ ರನ್’ ಕೂಡ ಅದೇ. ಎರಡನೇ ರನ್ನಿಗೆ ತಿರುಗುವಾಗ ಬ್ಯಾಟರ್ ಕ್ರೀಸ್ ಮುಟ್ಟದೇ ತಿರುಗಿದರೆ ಆ ರನ್ ಲೆಕ್ಕಕ್ಕಿಲ್ಲ. ಅಂಪೈರ್ ತೋಳು ಮಡಚಿ ಬೆರಳ ತುದಿಯನ್ನು ಅದೇ ಕಡೆಯ ಭುಜಕ್ಕೆ ತಾಗಿಸಿ ತೋರಿಸುತ್ತಾರೆ.

‘ವೈರ್ ಶಾರ್ಟ್ ಆಯ್ತು’ ಅಂತ ನಾವು ಕನ್ನಡದಲ್ಲೇ ಹೇಳುತ್ತೇವೆ. ವಿದ್ಯುತ್ ಹೋಗಬೇಕಾದದ್ದು ಬಲ್ಬಿನ ಮೂಲಕವೋ ಮೋಟಾರಿನ ಮೂಲಕವೋ. ಎರಡು ತಂತಿ ಒಂದಕ್ಕೊಂದು ತಾಗಿದರೆ ಅದಕ್ಕೆ ಅಡ್ಡದಾರಿ ಸಿಗುತ್ತದೆ. ಅಡ್ಡದಾರಿ ಅಳತೆಯಲ್ಲಿ ಚಿಕ್ಕದೇ ಆಗಿರಬೇಕು ಅಂತಿಲ್ಲ. ಅಲ್ಲಿ ರೋಧ ಕಡಿಮೆ ಇರಬೇಕು, ಅಷ್ಟೇ. ಓಮ್ ನಿಯಮದ ಪ್ರಕಾರ ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟ್. ರೋಧ ಸೊನ್ನೆಯ ಹತ್ತಿರ ಹೋದರೆ ಕರೆಂಟ್ ಒಂದೇ ಸಲ ಏರುತ್ತದೆ, ತಂತಿ ಕಾಯುತ್ತದೆ, ಫ್ಯೂಸ್ ಹೋಗುತ್ತದೆ. ಇದರಿಂದಲೇ ‘ಶಾರ್ಟ್-ಸರ್ಕ್ಯೂಟ್ ದ ಪ್ರೊಸೆಸ್’ ಅನ್ನೋ ಬಳಕೆ ಬಂದದ್ದು. ನಡುವಿನ ಹಂತಗಳನ್ನು ಹಾರಿಸಿ ಕೆಲಸ ಮುಗಿಸುವುದು.

ಷೇರು ಪೇಟೆಯ ಶಾರ್ಟ್ ಸ್ವಲ್ಪ ತಲೆ ತಿನ್ನುತ್ತದೆ. ನಿಮ್ಮ ಹತ್ತಿರ ಇಲ್ಲದ ಷೇರನ್ನು ಸಾಲ ತಂದು 100ಕ್ಕೆ ಮಾರುತ್ತೀರಿ. ಬೆಲೆ 80ಕ್ಕೆ ಇಳಿದಾಗ ಕೊಂಡು ಸಾಲ ತೀರಿಸುತ್ತೀರಿ. ಸಾಲದ ಖರ್ಚು ಬಿಟ್ಟರೆ ಲಾಭ 20. ಇದೇ ‘ಶಾರ್ಟ್ ಸೆಲ್ಲಿಂಗ್’. ಮಾರಿದ್ದೀರಿ, ಆದರೆ ಕೊಡಬೇಕಾದ ಮಾಲು ನಿಮ್ಮಲ್ಲಿಲ್ಲ. ಅಷ್ಟು ಷೇರಿಗೆ ನೀವು ಶಾರ್ಟ್. ಕೊಂಡು ಇಟ್ಟುಕೊಂಡವರು ‘ಲಾಂಗ್’. ಬೆಲೆ ಇಳಿಯುವ ಬದಲು ಏರಿದರೆ ನಷ್ಟಕ್ಕೆ ಮೇಲ್ಮಿತಿ ಇಲ್ಲ, ಏಕೆಂದರೆ ಬೆಲೆ ಎಷ್ಟು ಬೇಕಾದರೂ ಏರಬಹುದು. 2021ರ ಜನವರಿಯಲ್ಲಿ ಗೇಮ್‌ಸ್ಟಾಪ್ ಅನ್ನೋ ಅಮೆರಿಕದ ಕಂಪನಿಯ ಷೇರು ಹೀಗೆ ಏರಿದಾಗ ಶಾರ್ಟ್ ಮಾಡಿದವರು ಸಾಲ ತೀರಿಸಲು ಏರಿದ ಬೆಲೆಗೇ ಕೊಳ್ಳಬೇಕಾಯಿತು. ಅವರು ಕೊಂಡದ್ದರಿಂದ ಬೆಲೆ ಇನ್ನೂ ಏರಿತು. ಇದಕ್ಕೆ ‘ಶಾರ್ಟ್ ಸ್ಕ್ವೀಜ್’ ಅನ್ನುತ್ತಾರೆ. ಈ ಆಟ ಹೊಸದೇನಲ್ಲ. 1609ರಲ್ಲೇ ಐಸಾಕ್ ಲ ಮೇರ್ ಅನ್ನೋ ವ್ಯಾಪಾರಿ ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳ ಮೇಲೆ ಇದನ್ನು ಆಡಿದ್ದ. ಮರುವರ್ಷವೇ ಅಲ್ಲಿನ ಸರ್ಕಾರ ಅದಕ್ಕೆ ನಿಷೇಧ ಹಾಕಿತು.

ಯಾವುದಕ್ಕೆ ಹೋಲಿಸಿದರೆ ಶಾರ್ಟ್?

ಕೆಲವು ಹೆಸರುಗಳಲ್ಲಿ ಶಾರ್ಟ್ ಇದ್ದರೂ ಅದು ಚಿಕ್ಕದು ಅನ್ನಿಸುವುದೇ ಇಲ್ಲ. ರೇಡಿಯೋದ ‘ಶಾರ್ಟ್ ವೇವ್’ ನೋಡಿ. ಅದರ ತರಂಗದ ಉದ್ದ ಸುಮಾರು 10ರಿಂದ 100 ಮೀಟರ್. ಹೆಸರಿಟ್ಟ ಕಾಲದಲ್ಲಿ ಬಳಕೆಯಲ್ಲಿದ್ದ ಅಲೆಗಳು ನೂರಾರು ಮೀಟರ್ ಇದ್ದವು, ಅವುಗಳ ಎದುರು ಇದು ಚಿಕ್ಕದು. ನಂತರ ಬಂದ ಎಫ್ಎಂ ತರಂಗ ಬರೀ 3 ಮೀಟರಿನಷ್ಟು. ಆದರೂ ಶಾರ್ಟ್ ಅನ್ನೋ ಹೆಸರು ಹಳಬನಿಗೇ ಉಳಿಯಿತು. ಇನ್ನೊಂದು ತಮಾಷೆ ಅಂದರೆ ಈ ‘ಚಿಕ್ಕ’ ಅಲೆಗಳು ಆಕಾಶದಲ್ಲಿ ತುಂಬಾ ಮೇಲಿರುವ, ವಿದ್ಯುದಾವೇಶ ಇರುವ ಅಯಾನುಗೋಳ ಅನ್ನೋ ಪದರಕ್ಕೆ ಬಡಿದು ಬಾಗಿ ಬಂದು ಖಂಡಾಂತರ ಮುಟ್ಟುತ್ತವೆ. ಎಫ್ಎಂ ಮಾತ್ರ ಸಾಮಾನ್ಯವಾಗಿ ಕಣ್ಣಿಗೆ ಕಾಣುವಷ್ಟು ದೂರದ ಆಚೆ ಹೆಚ್ಚು ಹೋಗುವುದಿಲ್ಲ.

ಎಸ್ಎಂಎಸ್‌ನ ಮೊದಲ ‘ಎಸ್’ ಕೂಡ ಶಾರ್ಟ್. ಇಲ್ಲಿ ಎಷ್ಟು ಶಾರ್ಟ್ ಅನ್ನೋದಕ್ಕೆ ಕರಾರುವಾಕ್ಕಾದ ಲೆಕ್ಕ ಇದೆ. ಒಂದು ಸಂದೇಶಕ್ಕೆ 1120 ಬಿಟ್ ಜಾಗ. ಬಿಟ್ ಅಂದರೆ ಕಂಪ್ಯೂಟರ್ ಲೆಕ್ಕದ ಅತಿ ಚಿಕ್ಕ ಘಟಕ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ. ಕನ್ನಡಕ್ಕೆ 16 ಬಿಟ್ ಬೇಕು, ಹಾಗಾಗಿ 70. ಅದೂ ಕಣ್ಣಿಗೆ ಕಾಣುವ 70 ಅಕ್ಷರ ಅಲ್ಲ. ‘ಶಾರ್ಟ್’ ಅಂತ ಕನ್ನಡದಲ್ಲಿ ಬರೆದರೆ ನಮಗೆ ಎರಡೇ ಅಕ್ಷರ ಕಾಣುತ್ತದೆ. ಕಂಪ್ಯೂಟರ್ ಮಾತ್ರ ಶ, ಅದರ ಇಳಿ, ರ, ವಿರಾಮ, ಟ, ಮತ್ತೊಂದು ವಿರಾಮ ಅಂತ ಆರು ಎಣಿಸುತ್ತದೆ.

ಆಸ್ಕರ್ ನಿಯಮದಲ್ಲಿ ‘ಶಾರ್ಟ್ ಫಿಲ್ಮ್’ 40 ನಿಮಿಷದವರೆಗೂ ಇರಬಹುದು. ಯೂಟ್ಯೂಬಿನ ‘ಶಾರ್ಟ್ಸ್’ 60 ಸೆಕೆಂಡಿಗೆ ಶುರುವಾಗಿ 2024ರಲ್ಲಿ 3 ನಿಮಿಷಕ್ಕೆ ಬೆಳೆಯಿತು. ಅಮೆರಿಕದ ‘ಶಾರ್ಟ್ ಟನ್’ 2000 ಪೌಂಡ್, ಅಂದರೆ ಸುಮಾರು 907 ಕಿಲೋ. ಬ್ರಿಟನ್ನಿನ ಹಳೆಯ ‘ಲಾಂಗ್ ಟನ್’ 2240 ಪೌಂಡ್. ದೊಡ್ಡ ಸಂಖ್ಯೆಗಳಿಗೆ ಹೆಸರಿಡುವ ಎರಡು ಪದ್ಧತಿಗಳಲ್ಲಿ ‘ಶಾರ್ಟ್ ಸ್ಕೇಲ್’ ಪ್ರಕಾರ ಒಂದು ಬಿಲಿಯನ್ ಅಂದರೆ 100 ಕೋಟಿ. ‘ಲಾಂಗ್ ಸ್ಕೇಲ್’ ಪ್ರಕಾರ ಒಂದು ಲಕ್ಷ ಕೋಟಿ. ಬ್ರಿಟನ್ ಸರ್ಕಾರ ತನ್ನ ಲೆಕ್ಕಪತ್ರಗಳಿಗೆ 1974ರಲ್ಲಿ ಚಿಕ್ಕ ಬಿಲಿಯನ್ನನ್ನೇ ಒಪ್ಪಿಕೊಂಡಿತು. ಅದಕ್ಕಿಂತ ಹಳೆಯ ಬ್ರಿಟಿಷ್ ಪುಸ್ತಕದಲ್ಲಿ ಬಿಲಿಯನ್ ಕಂಡರೆ ಯಾವುದು ಅಂತ ಎರಡು ಸಲ ನೋಡುವುದು ಒಳ್ಳೆಯದು.

ಕನ್ನಡದವರು ಖಂಡಿತ ಎಡವುವ ಜಾಗ ‘ಶಾರ್ಟ್ ವವೆಲ್’. ನಮ್ಮ ಹ್ರಸ್ವ ದೀರ್ಘ ನಿಜವಾಗಿಯೂ ಉದ್ದದ ವಿಷಯ. ಎ ಎಳೆದರೆ ಏ. ಇಂಗ್ಲಿಷ್ ಶಾಲೆಗಳಲ್ಲಿ ಮಾತ್ರ ‘ಕ್ಯಾಟ್’ನಲ್ಲಿ ಇರುವುದು ಶಾರ್ಟ್, ‘ಕೇಕ್’ನಲ್ಲಿ ಇರುವುದು ಲಾಂಗ್ ಅನ್ನುತ್ತಾರೆ. ಮೊದಲನೆಯದನ್ನು ಎಷ್ಟು ಎಳೆದರೂ ಎರಡನೆಯದು ಆಗುವುದಿಲ್ಲ. ಒಂದು ಕಾಲದಲ್ಲಿ ಇವು ಉದ್ದದ ಜೋಡಿಗಳೇ ಆಗಿದ್ದವು. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಹೆಸರು ಮಾತ್ರ ಹಾಗೇ ಉಳಿಯಿತು.

ದಾರಿ ತಪ್ಪಿದಂತೆ ಕಾಣುವ ಇನ್ನೆರಡು ಬಳಕೆಗಳಿವೆ. ‘ಶಾರ್ಟ್‌ಬ್ರೆಡ್’ ಗಿಡ್ಡ ಬ್ರೆಡ್ ಅಲ್ಲ, ಬ್ರೆಡ್ಡೇ ಅಲ್ಲ. ಪುಡಿಪುಡಿಯಾಗಿ ಮುರಿಯುವ ಬಿಸ್ಕತ್ತು. ಜಿಗುಟಾಗಿ ಎಳೆ ಬರದೇ ಬೇಗ ಮುರಿಯುವುದಕ್ಕೆ ಶಾರ್ಟ್ ಅನ್ನೋ ಹಳೆಯ ಅರ್ಥ ಇದೆ. ಹಿಟ್ಟಿಗೆ ಜಿಡ್ಡು ಸೇರಿಸಿದರೆ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಅನ್ನೋ ಪ್ರೋಟೀನಿನ ಉದ್ದ ಎಳೆಗಳು ಕಟ್ಟಿಕೊಳ್ಳುವುದಿಲ್ಲ. ಅದಕ್ಕೇ ಬೇಕಿಂಗಿಗೆ ಬಳಸುವ ಕೊಬ್ಬಿಗೆ ‘ಶಾರ್ಟನಿಂಗ್’ ಅನ್ನುತ್ತಾರೆ. ಇನ್ನೊಂದು ‘ಶಾರ್ಟ್ ಶ್ರಿಫ್ಟ್’. ‘ಶ್ರಿಫ್ಟ್’ ಅಂದರೆ ಪಾದ್ರಿಯ ಮುಂದೆ ಮಾಡುವ ಪಾಪನಿವೇದನೆ. ಮರಣದಂಡನೆಗೆ ಮುಂಚೆ ಕೈದಿಗೆ ಅದಕ್ಕಾಗಿ ಕೊಡುತ್ತಿದ್ದ ಒಂದೆರಡು ನಿಮಿಷ ಅದು. ಈಗ ಒಬ್ಬರ ಮಾತನ್ನು ಕಿವಿಗೇ ಹಾಕಿಕೊಳ್ಳದೇ ತಳ್ಳಿಬಿಟ್ಟರೆ ಹೀಗನ್ನುತ್ತಾರೆ.

ಕೊನೆಗೆ ನಮ್ಮ ಇಂಗ್ಲಿಷಿನ ಕೆಲವು ತಿದ್ದುಪಡಿ. ‘ಅವನು ತುಂಬಾ ಶಾರ್ಟ್ ಟೆಂಪರ್’ ಅಂತ ಕನ್ನಡದಲ್ಲಿ ಹೇಳಿದರೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ‘ಹಿ ಈಸ್ ಶಾರ್ಟ್-ಟೆಂಪರ್ಡ್’ ಅಥವಾ ‘ಹಿ ಹ್ಯಾಸ್ ಎ ಶಾರ್ಟ್ ಟೆಂಪರ್’ ಆಗಬೇಕು. ‘ಶಾರ್ಟ್ ಇನ್ ಹೈಟ್’ ಬೇಡ, ಶಾರ್ಟ್ ಅಂದರೇ ಸಾಕು. ‘ವಿ ಆರ್ ಶಾರ್ಟೇಜ್ ಆಫ್ ಸ್ಟಾಫ್’ ತಪ್ಪು. ‘ವಿ ಆರ್ ಶಾರ್ಟ್ ಆಫ್ ಸ್ಟಾಫ್’ ಅನ್ನಿ, ಇಲ್ಲವೇ ‘ದೇರ್ ಈಸ್ ಎ ಶಾರ್ಟೇಜ್’ ಅನ್ನಿ. ಗಳಿಗೆಯ ಮುಂಚೆ ತಿಳಿಸಿದ್ದಕ್ಕೆ ಬ್ರಿಟಿಷರು ‘ಅಟ್ ಶಾರ್ಟ್ ನೋಟಿಸ್’, ಅಮೆರಿಕನ್ನರು ಹೆಚ್ಚಾಗಿ ‘ಆನ್ ಶಾರ್ಟ್ ನೋಟಿಸ್’ ಅನ್ನುತ್ತಾರೆ. ‘ಶಾರ್ಟ್-ಲಿವ್ಡ್’ ಅನ್ನೋದನ್ನು ಅಮೆರಿಕದ ಕೆಲವರು ‘ಶಾರ್ಟ್-ಲೈವ್ಡ್’ ಅಂತ ಉಚ್ಚರಿಸುತ್ತಾರೆ. ಅದು ತಪ್ಪಲ್ಲ, ಏಕೆಂದರೆ ಆ ಪದ ಹುಟ್ಟಿದ್ದು ‘ಲಿವ್’ನಿಂದ ಅಲ್ಲ, ‘ಲೈಫ್’ನಿಂದ.